ಸೋಡಾ ಹಾಕಿ ಉಜ್ಜಿದ ಕ್ಯಾನುಗಳು

ತಂಗಿ ಪುರಸಭೆಯ ಹಾಲಿನ ಇನ್ಸ್‌ಪೆಕ್ಟರ್, ಅಕ್ಕ ಹಾಲಿನಂಗಡಿಯವಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಇಂಥ ಎದುರುಬದುರು ಕೆಲಸ ಯಾರು ಹಂಚಿದರೋ! ಆ ಅಂಗಡಿಗೆ ಬೇರೆಯವರನ್ನು ಕಳಿಸಿ ಎಂದು ತಂಗಿ ಬೇಡಿಕೊಂಡಿದ್ದಳು. "ಇರೋದೇ ನೀವೊಬ್ರು. ಕೊಯ್ದು ಎರಡು ಮಾಡ್ಲಾ?" ಎಂದು ಸಾಹೇಬರು ನಕ್ಕುಬಿಟ್ಟಿದ್ದರು.

ಹೇಳದೆ ಕೇಳದೆ ಹೋಗಬೇಕೆಂಬುದು ತಪಾಸಣೆಯ ಮೊದಲ ನಿಯಮ. ಆದರೂ ಹಿಂದಿನ ಸಂಜೆ ಫೋನಿನಲ್ಲಿ ಅದೂ ಇದೂ ಮಾತಾಡುತ್ತ, "ನಾಳೆ ಬರ್ತೀನಕ್ಕಾ, ಕ್ಯಾನ್ ಸ್ವಲ್ಪ ನೋಡ್ಕೊ" ಅಂದುಬಿಟ್ಟಿದ್ದಳು. ಕರುಳು ಕೇಳಲಿಲ್ಲ.

ಈಗ ಕೌಂಟರಿನ ಮೇಲೆ ಪರೀಕ್ಷೆಯ ಪೆಟ್ಟಿಗೆ ಬಿಚ್ಚಿಕೊಂಡಿತ್ತು. ಪೆಟ್ಟಿಗೆ ಹೊತ್ತು ತಂದ ಸಹಾಯಕನನ್ನು ಊರೆಲ್ಲ ಮೀಸೆ ಎಂದೇ ಕರೆಯುತ್ತಿತ್ತು.

"ಏನಯ್ಯಾ ಮೀಸೆ, ನಿಮ್ಮ ಮೇಡಮ್ಮು ಚಿಕ್ಕವಳಿದ್ದಾಗ ಈ ಸೌಟಲ್ಲೇ ನನ್ನ ಕೈಲಿ ಏಟು ತಿಂದಿದಾಳೆ, ಗೊತ್ತಾ?" ಎಂದಳು ಅಕ್ಕ.

ತಂಗಿ ಅದೇ ಸೌಟಿನಿಂದ ಹಾಲನ್ನು ತಳದಿಂದ ಮೇಲಕ್ಕೆ ಕದಡಿ, ಗಾಜಿನ ನಳಿಗೆಗೆ ತುಂಬಿ, ಔಷಧಿಯ ಹನಿ ಬಿಟ್ಟಳು. ಒಳ್ಳೆಯ ಹಾಲಾದರೆ ಕಂದುಬಣ್ಣಕ್ಕೆ ತಿರುಗಿ ಸುಮ್ಮನಾಗಬೇಕು. ಇದು ಗುಲಾಬಿಯಂತೆ ಕೆಂಪೇರಿತು. ಇನ್ನೊಂದು ಕ್ಯಾನಿನದೂ ಹಾಗೇ. ಉಳಿದವುಗಳದೂ ಹಾಗೇ.

"ಎಷ್ಟು ಚೆಂದದ ಬಣ್ಣ ಬಂತಲ್ಲೇ!" ಅಕ್ಕ ಹಿಗ್ಗಿದಳು.

"ಸೋಡಾ ಅಕ್ಕಾ. ಹುಳಿ ತಿರುಗಿದ ಹಾಲು ಒಡೀಬಾರ್ದು ಅಂತ ಕಳ್ಳರು ಹಾಕ್ತಾರಲ್ಲ, ಅದು." ತಂಗಿ ಕ್ಯಾನಿನೊಳಗೆ ಬಗ್ಗಿ ನೋಡಿದಳು. "ಕ್ಯಾನ್ ಯಾವುದ್ರಲ್ಲಿ ತೊಳೆದೆ?"

"ಬಟ್ಟೆ ಸೋಡಾ ಸುರಿದು ಉಜ್ಜಿದೆ ಕಣೇ. ದಿನಾ ಬರೀ ಬಿಸಿನೀರು. ನೀನು ಬರ್ತೀನಿ ಅಂದ್ಯಲ್ಲ, ನಿನ್ನ ಮರ್ಯಾದೆ ಹೋಗಬಾರ್ದು ಅಂತ… ಅಷ್ಟರಲ್ಲಿ ನಲ್ಲಿ ನಿಂತೋಯ್ತು, ಹಾಲಿನ ಗಾಡಿ ಬಂದು ಹಾರನ್ ಹೊಡೀತಿತ್ತು. ಇದ್ದ ನೀರಲ್ಲೇ ಗಲಬರಿಸಿಬಿಟ್ಟೆ."

ಮೀಸೆ ಕೆಮ್ಮಿದ. "ಮೇಡಂ, ನಂಗೆ ಒಂದು ಕಿವಿ ಮಂದ. ಯಾವ ಕಿವಿ ಅಂತ ನೀವೇ ಹೇಳಿ."

ತಂಗಿ ನಗಲಿಲ್ಲ. ಸಾಹೇಬರಿಗೆ ಫೋನು ಮಾಡಿದಳು.

"ಕಲಬೆರಕೆ ತಾನೇ? ಬೀಗ ಹಾಕಿ. ಲೈಸೆನ್ಸ್ ರದ್ದು," ಎಂದರು ಅವರು.

"ಬೆರೆಸಿದ್ದಲ್ಲ ಸಾರ್. ತೊಳೆದ ಸೋಡಾ ಉಳಿದುಬಿಟ್ಟಿದೆ."

"ಎಲ್ರೂ ಹಾಡೋ ರಾಗವೇ. ದಿನಾ ಉಳಿಯದ ಸೋಡಾ ನೀವು ಹೋದ ದಿನವೇ ಯಾಕಮ್ಮ ಉಳೀತು?"

ಅಕ್ಕ ಬಾಯಿಗೆ ಬೆರಳಿಟ್ಟು, ಬೇಡ ಬೇಡ ಎಂದು ತಲೆಯಾಡಿಸಿದಳು. ಇಬ್ಬರು ಮಕ್ಕಳ ಓದು ಈ ಅಂಗಡಿಯಿಂದ ನಡೆಯುತ್ತಿತ್ತು. ತಂಗಿಯ ಮನೆ ಈ ನೌಕರಿಯಿಂದ. ಒಂದನ್ನು ಉಳಿಸಲು ಇನ್ನೊಂದನ್ನು ಒತ್ತೆಯಿಡಬೇಕಿತ್ತು.

"ನಾನೇ ಹೇಳಿದ್ದೆ ಸಾರ್, ಬರ್ತೀನಿ ಅಂತ. ಅದಕ್ಕೇ ತೊಳೆದಳು."

ಸಾಹೇಬರ ದನಿ ತಗ್ಗಿತು. "ಹಾಲು ಮಾರೋದು ನಿಲ್ಲಿಸಿ. ಲೈಸೆನ್ಸ್ ವಿಷಯ ಆಮೇಲೆ ನೋಡೋಣ. ನೀವು ಗುರುತಿನ ಚೀಟಿ ಒಪ್ಪಿಸೋಕೆ ನನ್ನ ಹತ್ರ ಬನ್ನಿ."

"ಹುಚ್ಚಿ! ನಂದೊಂದೇ ಹೋಗ್ತಿತ್ತಲ್ಲೇ ಪುಟ್ಟಿ," ಅಕ್ಕ ಅವಳ ತೋಳು ಹಿಡಿದು ಅಲ್ಲಾಡಿಸಿದಳು.

"ಬೆಳಿಗ್ಗೆಯಿಂದ ಯಾರ್ಯಾರಿಗೆ ಕೊಟ್ಟೆ, ಅದನ್ನ ಹೇಳಕ್ಕಾ ಮೊದ್ಲು."

ಅಕ್ಕನ ಕೈ ಸಡಿಲವಾಯಿತು. ಎದುರು ಮನೆಯಲ್ಲಿ ಇವಳದೇ ಹಾಲನ್ನು ಬಾಟಲಿಯಲ್ಲಿ ಕುಡಿಯುವ ಕೂಸಿತ್ತು. ಚಪ್ಪಲಿಯನ್ನೂ ಮೆಟ್ಟದೆ ಅವಳು ಬೀದಿಗೆ ಓಡಿದಳು.

"ಏನ್ರೀ, ಬಾಗಿಲು ತೆಗೀರಿ! ಹಾಲು ಚೆಲ್ಲಿಬಿಡಿ! ನನ್ನ ಹಾಲು ಕುಡಿಸಬೇಡಿ!"

ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.