ಮೂವತ್ತೇಳನೆಯ ಸಾಲು

ನಮ್ಮ ಗ್ರಂಥಾಲಯದ ಗುಟ್ಟಿನ ಪುಟ ಎಷ್ಟನೆಯದೆಂದು ಇಪ್ಪತ್ತಾರು ವರ್ಷ ನಾನು ಹೊರಗಿನ ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಆಗಿನ ಹಿರಿಯ ಗ್ರಂಥಪಾಲಕರು ಕಪಾಟುಗಳ ಸಂದಿಗೆ ಕರೆದು ಕಿವಿಯಲ್ಲಿ ಹೇಳಿದ್ದರು: "ಮೂವತ್ತೇಳು. ಬಾಯಿಗೆ ಬೀಗ ಇರ್ಲಿ." ಹೊಸ ಪುಸ್ತಕ ಬಂದರೆ ಮೊದಲ ಪುಟಕ್ಕೆ ಎಲ್ಲರಿಗೂ ಕಾಣುವಂತೆ ಒಂದು ಮೊಹರು, ಮೂವತ್ತೇಳನೆಯ ಪುಟದ ಕೆಳಮೂಲೆಗೆ ಸದ್ದಿಲ್ಲದೆ ಇನ್ನೊಂದು. ಪುಸ್ತಕ ಕದ್ದವನು ಮೊದಲ ಪುಟ ಹರಿದು ತನ್ನದೇ ಎನ್ನಬಹುದು. ಎರಡನೆಯ ಮೊಹರು ಎಲ್ಲಿದೆಯೆಂದು ಅವನಿಗೆ ಗೊತ್ತಿರುವುದಿಲ್ಲ.

ನನ್ನ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. "ಎಷ್ಟನೇ ಪುಟ, ನಂಗಾದ್ರೂ ಹೇಳೇ" ಎಂದು ಮದುವೆಯಾದ ಇಪ್ಪತ್ನಾಲ್ಕು ವರ್ಷದಿಂದ ಕಾಡುತ್ತಿದ್ದರು. ಜಪ್ಪಯ್ಯ ಎಂದರೂ ನಾನು ಬಾಯಿ ಬಿಟ್ಟಿರಲಿಲ್ಲ.

ಕಳೆದ ವರ್ಷ ಕೇಂದ್ರ ಕಚೇರಿಯಿಂದ ಪತ್ರ ಬಂತು. ಮೂರು ತಿಂಗಳೊಳಗೆ ಪ್ರತಿ ಶಾಖೆಗೂ ತನ್ನದೇ ವೆಬ್ ಪುಟ ಇರಬೇಕು, ಅದನ್ನು ಅಲ್ಲಿನ ಸಿಬ್ಬಂದಿಯೇ ಮಾಡಬೇಕು, ಮಾಡಲು ಬಾರದವರನ್ನು ಊರಾಚೆಯ ಉಗ್ರಾಣಕ್ಕೆ ವರ್ಗ ಮಾಡಲಾಗುವುದು. ಉಗ್ರಾಣವನ್ನು ನಾನು ಕಂಡಿದ್ದೇನೆ. ಹಗ್ಗ ಬಿಗಿದ ಪುಸ್ತಕದ ಕಟ್ಟುಗಳು, ಕಿಟಕಿಯಿಲ್ಲದ ಗೋಡೆಗಳು, ಓದುವವರು ಒಬ್ಬರೂ ಇಲ್ಲ. ನನಗೋ ಕಿಟಕಿ ಪಕ್ಕದ ನನ್ನ ಮೇಜೇ ಬೇಕು. "ಆ ಕೆಂಪು ರಟ್ಟಿಂದು, ದಪ್ಪಗೆ, ಹೋದ ಸಲ ಇಲ್ಲೇ ಇತ್ತಲ್ಲ" ಎಂದು ಗಾಳಿಯಲ್ಲಿ ಬೆರಳಾಡಿಸುವ ಓದುಗರ ಜೊತೆ ಗುದ್ದಾಡದಿದ್ದರೆ ನನಗೆ ದಿನವೇ ಹೋಗುವುದಿಲ್ಲ.

ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಮೂರು ದಿನ ತರಬೇತಿ ಕೊಟ್ಟ. ಅವನ ಮಾತಿನ ವೇಗಕ್ಕೆ ನಾವೆಲ್ಲ ಇಟ್ಟ ಹೆಸರು ಎಕ್ಸ್‌ಪ್ರೆಸ್. ನಾನು ಮೊದಲ ಸಾಲು ಬರೆದುಕೊಳ್ಳುವಷ್ಟರಲ್ಲಿ ಅವನು ಮೂರು ನಿಲ್ದಾಣ ದಾಟಿರುತ್ತಿದ್ದ.

"ಸಾರ್, ಇನ್ನೊಂದ್ಸಲ ಹೇಳ್ತೀರಾ?"

"ಮೇಡಂ, ನಿಮ್ಮ ವಯಸ್ಸಿಗೆ ಇದೆಲ್ಲ ಸ್ವಲ್ಪ ಕಷ್ಟಾನೇ ಬಿಡಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅರ್ಧ ವಿದ್ಯೆ ಆ ಸಿಟ್ಟಿನಿಂದಲೇ ಬಂತೆನ್ನಬೇಕು. ನಮ್ಮದೇ ಕಪಾಟಿನಿಂದ ಎರಡು ಪುಸ್ತಕಗಳನ್ನು ನನ್ನದೇ ಹೆಸರಿಗೆ ಬರೆದುಕೊಂಡು, ಊಟದ ಬಿಡುವಿನಲ್ಲಿ ಒಂದಿಷ್ಟು, ಸಂಜೆ ಹೊಲಿಗೆ ಯಂತ್ರದ ಪಕ್ಕ ಕೂತು ಒಂದಿಷ್ಟು ಕಲಿತೆ. ಒಂದು ಸಂಜೆ ತಲೆಬರಹವೊಂದನ್ನೇ ದಪ್ಪ ಅಕ್ಷರ ಮಾಡಲು ಹೋದರೆ ಇಡೀ ಪುಟ, ಕೊನೆಯ ವಿಳಾಸದವರೆಗೆ, ದಪ್ಪಗಾಗಿ ಕೂತಿತು. ಏಕೆಂದು ತಲೆಬುಡ ತಿಳಿಯಲಿಲ್ಲ. ಗಂಡ ಕನ್ನಡಕ ಮೇಲೇರಿಸಿ ಕೋಡ್ ನೋಡಿದರು.

"ಇದೇನು ಈ ಗುರುತು?"

"ಇಲ್ಲಿಂದ ದಪ್ಪ ಅಕ್ಷರ ಶುರು ಅಂತ."

"ಮುಗೀತು ಅನ್ನೋ ಗುರುತು ಎಲ್ಲಿ? ಕಾಜಾ ಮಾಡಿದ್ದೀಯ, ಗುಂಡಿ ಹಾಕೋದೇ ಮರ್ತಿದ್ದೀಯಲ್ಲ!"

ಅಂದಿನಿಂದ ಪ್ರತಿ ಸಾಲಿನಲ್ಲೂ ಗುಂಡಿ ಹುಡುಕುವುದು ನನಗೆ ಅಭ್ಯಾಸವಾಯಿತು.

ಪುಟದಲ್ಲಿ ಸಮಯ, ವಿಳಾಸ, ಹೊಸ ಪುಸ್ತಕಗಳ ಪಟ್ಟಿ ಎಲ್ಲ ಇತ್ತು. ಅವುಗಳಿಗಿಂತ ನನಗೆ ಹೆಮ್ಮೆ 'ಹೆಸರು ಮರೆತ ಪುಸ್ತಕ' ಎಂಬ ವಿಭಾಗದ್ದು. ರಟ್ಟಿನ ಬಣ್ಣವೋ, ದಪ್ಪವೋ, ಕತೆಯ ಒಂದು ತುಣುಕೋ, ನೆನಪಿದ್ದಷ್ಟನ್ನು ಓದುಗರು ಬರೆದು ಗುಂಡಿ ಒತ್ತಿದರೆ ಅದು ನನ್ನ ಮೇಜಿನ ಕಂಪ್ಯೂಟರಿಗೆ ಬರಬೇಕು. ಬರಲಿಲ್ಲ. ಹತ್ತು ದಿನ ಬರಲಿಲ್ಲ. ಹನ್ನೊಂದನೆಯ ದಿನ ನಾನೇ ಬರೆದ 'ಕೆಂಪು ರಟ್ಟು, ದಪ್ಪ' ಪರದೆಯ ಮೇಲೆ ಮೂಡಿದಾಗ "ಬಂತು!" ಎಂದು ಕಿರುಚಿಬಿಟ್ಟೆ. ಇಪ್ಪತ್ತಾರು ವರ್ಷ ನಾನು ಬಾಯಿ ಮುಚ್ಚಿಸಿದ್ದ ಪತ್ರಿಕೆ ಓದುವ ಮುದುಕರೆಲ್ಲ ಒಟ್ಟಿಗೆ ತಿರುಗಿ "ಶ್!" ಎಂದರು. ಅಷ್ಟು ಖುಷಿ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಮುಗಿದ ಪುಟವನ್ನು ಗಂಡನಿಗೆ ತೋರಿಸಿದೆ.

"ಚೆನ್ನಾಗಿದೆ ಕಣೇ. ಆದ್ರೆ ನೀನೇ ಮಾಡಿದ್ದು ಅಂತ ನಾಳೆ ಹೇಗೆ ಗೊತ್ತಾಗ್ಬೇಕು? ನಾನಾದ್ರೆ ಕಾಲರ್ ಒಳಗೆ ಒಂದೆಳೆ ಹಸಿರು ದಾರ ಹಾಕ್ತೀನಿ."

ಪುಟದ ಅಡಿಯಲ್ಲಿ ನನ್ನ ಹೆಸರು ಹಾಕಿದೆ. ಹಾಕಿದ ಮೇಲೆ ಅನ್ನಿಸಿತು, ಇದು ಮೊದಲ ಪುಟದ ಮೊಹರಿದ್ದ ಹಾಗೆ, ಯಾರು ಬೇಕಾದರೂ ಅಳಿಸಬಹುದು. ಕೋಡ್‌ನಲ್ಲಿ ಪರದೆಯ ಮೇಲೆ ಕಾಣದ ಟಿಪ್ಪಣಿ ಬರೆಯುವ ಉಪಾಯ ಒಂದಿದೆ. ಒಳಗೆ ತೆರೆದು ನೋಡಿದವರಿಗಷ್ಟೇ ಅದು ಕಾಣುತ್ತದೆ. ಸಾಲುಗಳನ್ನು ಎಣಿಸಿಕೊಂಡು, ಸರಿಯಾಗಿ ಮೂವತ್ತೇಳನೆಯದರಲ್ಲಿ ಬರೆದೆ: 'ಇದು ಈ ಶಾಖೆಯ ಸ್ವತ್ತು. ಮಾಡಿದವಳು ಕಿಟಕಿ ಪಕ್ಕದ ಮೇಜಿನವಳು.'

ನಿಯಮದಂತೆ ಪುಟವನ್ನು ಕಂಪ್ಯೂಟರ್ ವಿಭಾಗಕ್ಕೆ ಕಳಿಸಿದೆ. ಎರಡು ವಾರದ ನಂತರ ಕೇಂದ್ರ ಕಚೇರಿಯಲ್ಲಿ ಸಭೆ. ಇಪ್ಪತ್ತು ಶಾಖೆಗಳವರೂ ಬಂದಿದ್ದರು. ಎಲ್ಲರ ಪುಟಗಳನ್ನೂ ಎಕ್ಸ್‌ಪ್ರೆಸ್ ಗೋಡೆಯ ಮೇಲಿನ ಪರದೆಗೆ ಹಾಕುತ್ತ ಬಂದ. ನಮ್ಮ ಶಾಖೆಯ ಸರದಿ ಬಂದಾಗ ನಿರ್ದೇಶಕಿಯ ಕಡೆ ತಿರುಗಿ, "ಇವ್ರು ಕಳ್ಸಿದ್ದು ಉಪಯೋಗಕ್ಕೆ ಬರೋ ಹಾಗಿರ್ಲಿಲ್ಲ ಮೇಡಂ. ನಾನೇ ಕೂತು ಮಾಡ್ದೆ" ಎಂದ.

ಪರದೆಯ ಮೇಲೆ ನನ್ನದೇ ಪುಟ. ನಾನು ಹಾಕಿದ್ದ ಹಸಿರು ಬಣ್ಣ ನೀಲಿಯಾಗಿತ್ತು, ಅಡಿಯಲ್ಲಿ ಅವನ ಹೆಸರಿತ್ತು. ಮಿಕ್ಕಂತೆ 'ಹೆಸರು ಮರೆತ ಪುಸ್ತಕ'ವೂ ಇದ್ದಲ್ಲೇ ಇತ್ತು. ನಿರ್ದೇಶಕಿ ಉಗ್ರಾಣದ ಪಟ್ಟಿ ತೆಗೆದು ನನ್ನ ಹೆಸರು ಬರೆಯತೊಡಗಿದರು.

ಎದ್ದು ನಿಂತೆ. "ಅದು ನಾನು ಮಾಡಿದ್ದು."

ಎಕ್ಸ್‌ಪ್ರೆಸ್ ನಕ್ಕ. "ಕೆಳಗೆ ಯಾರ ಹೆಸರಿದೆ, ಸ್ವಲ್ಪ ನೋಡಿ ಮೇಡಂ."

"ಮೊದಲ್ನೇ ಪುಟ ಯಾರಾದ್ರೂ ಹರೀಬಹುದು ಸಾರ್. ಕೋಡ್ ತೆಗೀರಿ. ಮೂವತ್ತೇಳನೇ ಸಾಲು."

ಅವನು ಪಿಳಿಪಿಳಿ ಕಣ್ಣು ಬಿಟ್ಟ. ಆದರೆ ಸಭೆಯಲ್ಲಿದ್ದವರು ಪುಸ್ತಕಗಳಿಗೆ ಮೊಹರು ಒತ್ತಿಯೇ ಕೂದಲು ನರೆಸಿಕೊಂಡವರು, ತಮ್ಮ ತಮ್ಮ ಶಾಖೆಗೆ ಒಂದೊಂದು ಗುಟ್ಟಿನ ಪುಟ ಇಟ್ಟುಕೊಂಡವರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಿರ್ದೇಶಕಿಯೂ ಹಿಂದೆ ಶಾಖೆಯಲ್ಲಿ ಮೊಹರು ಒತ್ತಿದವರೇ. ಲೇಖನಿ ಕೆಳಗಿಟ್ಟು, ತಾವೇ ಎದ್ದು ಬಂದು ಕೋಡ್ ತೆರೆಸಿ, ಆ ಸಾಲನ್ನು ಗಟ್ಟಿಯಾಗಿ ಓದಿದರು. ಎಕ್ಸ್‌ಪ್ರೆಸ್‌ನ ಮುಖ ಹುಳ್ಳಗಾಯಿತು.

ನಿರ್ದೇಶಕಿ ಪಟ್ಟಿಯಿಂದ ನನ್ನ ಹೆಸರು ಹೊಡೆದು ಹಾಕಿದರು. "ಮುಂದಿನ ತರಬೇತಿ ನೀವೇ ಕೊಡ್ಬೇಕು."

"ಕೊಡ್ತೀನಿ ಮೇಡಂ. ನಿಧಾನವಾಗಿ ಕೊಡ್ತೀನಿ."

ಮನೆಗೆ ಬಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಗಂಡ ಯಂತ್ರ ನಿಲ್ಲಿಸಿ ಕೇಳಿಸಿಕೊಂಡರು, ಎಕ್ಸ್‌ಪ್ರೆಸ್‌ಗೆ ಬೈಯಬೇಕಾದಲ್ಲಿ ಬೈದರು, ನಗಬೇಕಾದಲ್ಲಿ ನಕ್ಕರು. ಆಮೇಲೆ ಇದ್ದಕ್ಕಿದ್ದಂತೆ ಮುಖ ಸಣ್ಣದು ಮಾಡಿಕೊಂಡರು.

"ಇಪ್ಪತ್ನಾಲ್ಕು ವರ್ಷ ನಂಗೆ ಹೇಳ್ಲಿಲ್ಲ. ಇವತ್ತು ಒಂದು ಹಾಲ್ ತುಂಬ ಜನಕ್ಕೆ ಹೇಳ್ಬಿಟ್ಯಾ?"

"ಮೇಜು ಉಳಿಸ್ಕೋಬೇಕಿತ್ತಲ್ಲ."

"ಸರಿ, ಹಾಗಾದ್ರೆ ಹೊಸ ನಂಬರ್ ಇಡ್ಬೇಕಲ್ಲ ಈಗ. ಎಷ್ಟಿಡ್ತೀಯ? ಈ ಸಲ ನಂಗೇ ಮೊದ್ಲು ಹೇಳ್ಬೇಕು."

ನಾನು ನಗುತ್ತ ಒಳಗೆ ಹೋದೆ. ಹೊಸ ಸಂಖ್ಯೆಯನ್ನು ಬಸ್ಸಿನಲ್ಲಿ ಬರುವಾಗಲೇ ಗೊತ್ತು ಮಾಡಿಯಾಗಿತ್ತು. ಅದು ನಮ್ಮ ಮದುವೆಯ ತಾರೀಖು. ಈ ಮನುಷ್ಯ ಅದನ್ನು ಒಂದು ವರ್ಷವೂ ನೆನಪಿಟ್ಟವರಲ್ಲ.