ಅಂಗೈ ಪರೀಕ್ಷೆ

"ಇದರ ಸಿಗ್ನಲ್ ನೋಡೇ ಅಕ್ಕ, ಎಷ್ಟು ಜೋರಾಗಿದೆ! ಇದನ್ನೇ ತಗೊಂಡ್ಬಿಡೋಣ," ಎಂದು ತಮ್ಮ ಹೊಳೆಯುವ ಪೆಟ್ಟಿಗೆಯ ಬೆನ್ನು ತಟ್ಟಿದ.

ಪ್ರಯೋಗಾಲಯದ ಮೇಜಿನ ಮೇಲೆ ಎರಡು ಫ್ರೀಕ್ವೆನ್ಸಿ ಮಲ್ಟಿಪ್ಲೈಯರ್‌ಗಳಿದ್ದವು. ಪರಮಾಣು ಗಡಿಯಾರದ ಒಂದು ಮಿಡಿತವನ್ನು ಹತ್ತಾಗಿಸಿ ಕೊಡುವುದು ಅವುಗಳ ಕೆಲಸ. ಆ ಹತ್ತು ಮಿಡಿತಗಳು ಕೂದಲೆಳೆಯಷ್ಟು ಹಿಂದುಮುಂದಾದರೂ ಅಕ್ಕ ತಮ್ಮ ಸೇರಿ ಕಟ್ಟಿದ ಪ್ರಯೋಗವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

"ಜೋರು ದನಿ ಇದ್ದೋರೆಲ್ಲ ತಾಳಕ್ಕೆ ಸರಿಯಾಗಿ ಹಾಡ್ತಾರೇನೋ?" ಎಂದ ಅಕ್ಕ ಒಂದೇ ಗಡಿಯಾರವನ್ನು ಎರಡಕ್ಕೂ ಜೋಡಿಸಿದಳು. ಎರಡರ ನಡುವಿನ ಅಂತರ ಪರದೆಯ ಮೇಲೆ ನೇರ ಗೆರೆಯಾಗಿ ಹರಿಯತೊಡಗಿತು. ಯಾವುದು ಅಳುಕಿದರೂ ಗೆರೆ ಡೊಂಕಾಗಲೇಬೇಕು.

ಜ್ವರ ನೋಡುವವಳಂತೆ ಅವಳು ಹೊಳೆಯುವ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಅಷ್ಟು ಬಿಸಿಗೇ ಗೆರೆ ಸರಸರನೆ ಮೇಲೇರಿತು.

"ಅಯ್ಯೋ, ಇದು ಮುಟ್ಟಿದರೆ ಮುನಿ!" ಎಂದು ತಮ್ಮ ಹಣೆ ಚಚ್ಚಿಕೊಂಡ.

ಪೆಟ್ಟಿಗೆ ತಣಿದು ಗೆರೆ ಮೊದಲಿನ ಜಾಗಕ್ಕೆ ಇಳಿದ ಮೇಲೆ, ಬಣ್ಣಗೆಟ್ಟ ಎರಡನೆಯದರ ಮೇಲೆ ಎರಡೂ ಕೈ ಇಟ್ಟಳು. ಕಾದರು. ಇನ್ನೂ ಕಾದರು. ಗೆರೆ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಆನ್ ಆಗಿದ್ಯಾ ನೋಡೇ!"

"ಆಫ್ ಆಗಿದ್ರೆ ಗೆರೆನೇ ಬರ್ತಿರ್ಲಿಲ್ಲ ಕಣೋ, ದಡ್ಡ! ಸಿಕ್ತು ಕಣೋ, ಸಿಕ್ತು!"

ಅವನು ಕುರ್ಚಿ ಬೀಳಿಸಿಕೊಂಡು ಓಡಿಬಂದು ತನ್ನ ಕೈಗಳನ್ನೂ ಪಕ್ಕದಲ್ಲಿ ಊರಿದ. ಅಕ್ಕ ತಮ್ಮಂದಿರ ನಾಲ್ಕು ಅಂಗೈಗಳೂ ಖುಷಿಗೆ ಗಡಗಡ ನಡುಗುತ್ತಿದ್ದವು.

ಗೆರೆಯೊಂದೇ ನಡುಗಲಿಲ್ಲ.