ಬೋರ್ನಿಯೋದಿಂದ ತಂದ ಸದ್ದು

ಸರಗೂರಿನಲ್ಲಿ ಬಸ್ಸಿಳಿದು, ಆಟೊ ಹಿಡಿದು ಶ್ಯಾಮಲಾ ಕಾಡಂಚಿನ ತನ್ನ ಹಾಡಿಯನ್ನು ಮುಟ್ಟಿದಾಗ ಅಪ್ಪ ಮಂಚಯ್ಯ ಜಗಲಿಯ ಮೇಲೆ ಕೂತಿದ್ದ. ಎದುರಿಗೆ ನಿಂತು ನಕ್ಕಳು. ಅವನು ನಗಲಿಲ್ಲ.

"ಯಾರು?" ಅಂದ.

ಮಳೆಕಾಡಿನ ಓದಿಗೆಂದು ಅವಳು ಬೋರ್ನಿಯೋಗೆ ಹೊರಟ ದಿನ ಇದೇ ಅಪ್ಪ ಅವಳ ಚೀಲ ಹೊತ್ತು ಬಸ್ಸಿನವರೆಗೂ ಬಂದಿದ್ದ. ಅಲ್ಲಿಂದ ಫೋನ್ ಮಾಡಿ ಮುಖ ತೋರಿಸಿ ಎಂದಾಗಲೆಲ್ಲ ಅವ್ವ ಸಿದ್ದಿ, "ನೆಟ್‌ವರ್ಕ್ ಇಲ್ಲ ಕಣವ್ವ" ಎನ್ನುತ್ತಿದ್ದಳು. ಸಕ್ಕರೆ ಕಾಯಿಲೆಗೆ ಅಪ್ಪನ ಎರಡು ಕಣ್ಣೂ ಹೋಗಿದ್ದನ್ನು ಇಬ್ಬರೂ ಸೇರಿ ಮುಚ್ಚಿಟ್ಟಿದ್ದರು.

"ಯೋಳಿದ್ರೆ ನೀನು ಓದು ಬುಟ್ಟು ಬಂದ್ಬುಡ್ತಿದ್ದೆ. ನಿಮ್ಮಪ್ಪನೇ ಬ್ಯಾಡ ಅಂದ," ಎಂದಳು ಸಿದ್ದಿ.

ಲ್ಯಾಪ್‌ಟಾಪಿನ ತುಂಬ ಫೋಟೊಗಳಿದ್ದವು, ಎಲ್ಲ ಅಪ್ಪನಿಗೆ ತೋರಿಸಲೆಂದೇ ತೆಗೆದವು. ಅವಳು ಚಿಕ್ಕವಳಿದ್ದಾಗ ಜೇನಿನ ಮರದ ಬುಡದಲ್ಲಿ ಕೂರಿಸಿ, ತಾನು ತುದಿಗೆ ಹತ್ತಿ, ಅಲ್ಲಿಂದ ಕಾಣುವ ಕಾಡನ್ನೆಲ್ಲ ಕೂಗಿ ಕೂಗಿ ಹೇಳುತ್ತಿದ್ದವನು ಅವನು. ಲ್ಯಾಪ್‌ಟಾಪನ್ನು ಅವಳು ಚೀಲದಿಂದ ತೆಗೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಇಯರ್‌ಫೋನನ್ನು ಅಪ್ಪನ ಕಿವಿಗಿಟ್ಟು, ಬೋರ್ನಿಯೋ ಕಾಡಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದನ್ನು ಹಾಕಿದಳು.

"ಇದು ಗಿಬ್ಬನ್ ಅಂತ, ಬಾಲ ಇಲ್ಲದ ಕೋತಿ. ಇದು ಅಲ್ಲಿನ ಮಂಗಟ್ಟೆ ಹಕ್ಕಿ ಕಣಪ್ಪ, ಅತ್ತಿ ಹಣ್ಣಿಗೆ ಬತ್ತದೆ."

ಮಂಚಯ್ಯ ಕತ್ತು ಓರೆ ಮಾಡಿಕೊಂಡು ಬಹಳ ಹೊತ್ತು ಕೇಳಿದ. ಆಮೇಲೆ ಇಯರ್‌ಫೋನ್ ತೆಗೆದು ಅವಳ ಕೈಗಿಟ್ಟ.

"ಸಾಕು ಬುಡು ಕೂಸೆ. ಅಲ್ಲಿ ನಂಗೆ ಯಾರೂ ಗೊತ್ತಿಲ್ಲ."

ಮಧ್ಯಾಹ್ನ ಅವನ ಕೈಹಿಡಿದು ಕಾಡಿನ ಚೆಕ್‌ಪೋಸ್ಟಿಗೆ ಕರೆದೊಯ್ದಳು. ಗಾರ್ಡು ಹಳೇ ಪರಿಚಯದವನೇ. "ಒಳಗೆ ಆನೆ ಅದೆ ಕಣಮ್ಮ. ಬಂದ್ರೆ ಇವರಿಗೆ ಓಡೋಕಾಗಲ್ಲ," ಎಂದು ತಲೆ ತಗ್ಗಿಸಿದ. ಅವನ ಮೇಲೆ ಸಿಟ್ಟಾಗಲೂ ಅವಳಿಗೆ ಆಗಲಿಲ್ಲ.

ಇಬ್ಬರೂ ಆನೆ ಕಂದಕದ ಪಕ್ಕ ಕೂತರು. ಅಪ್ಪ ಕಾಡಿನ ಕಡೆಗೆ ಮುಖ ಮಾಡಿದ.

"ಮತ್ತಿ ಹೂ ಬುಟ್ಟದಾ?"

ಆಚೆ ಕಣ್ಣು ಹಾಯುವಷ್ಟೂ ಲಂಟಾನದ ಕಳೆಪೊದೆ. ಅದರ ನಡುವೆ ಮತ್ತಿ ಮರಗಳು ಬೋಳುಬೋಳಾಗಿ ನಿಂತಿದ್ದವು.

"ಬುಟ್ಟದೆ ಅಪ್ಪ. ಮರದ ತುಂಬ."

ಅವಳು ಬಂದ ಮೇಲೆ ಮಂಚಯ್ಯ ನಕ್ಕಿದ್ದು ಅದೇ ಮೊದಲು.

ಓದು ಇನ್ನೂ ಒಂದು ವರ್ಷ ಬಾಕಿ ಇತ್ತು. ಹೋಗುವುದಿಲ್ಲ ಎಂದಳು ಶ್ಯಾಮಲಾ. ಅಪ್ಪ ಅನ್ನದ ತಟ್ಟೆ ತಳ್ಳಿ ಕೂತ. "ನನ್ನ ಕೋಲಾಗೋಕೆ ನಿನ್ನ ಅಷ್ಟು ದೂರ ಕಳಿಸಿದ್ನಾ? ಓಗು," ಎಂದ. ಅವಳು ಒಪ್ಪುವ ತನಕ ತುತ್ತು ಮುಟ್ಟಲಿಲ್ಲ.

ಹೊರಡುವ ದಿನ ಅಪ್ಪ ಅವ್ವ ಇಬ್ಬರೂ ಸರಗೂರಿನವರೆಗೆ ಬಂದರು. ಅಪ್ಪನ ಕೈ ಸಿದ್ದಿಯ ಹೆಗಲ ಮೇಲಿತ್ತು. ಮೈಸೂರು ಬಸ್ಸಿನ ಕಿಟಕಿ ಪಕ್ಕ ಶ್ಯಾಮಲಾ ಕೂತಳು. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಹಂಪಾಪುರದ ಬಸ್ಸು ಮೊದಲು ಹೊರಟಿತು. ಅಪ್ಪ ಆ ಸದ್ದಿನ ಕಡೆಗೆ ತಿರುಗಿ ಕೈ ಎತ್ತಿದ, ಬೀಸುತ್ತಲೇ ನಿಂತ. ಅವಳು ಕರೆದದ್ದು ಇಂಜಿನ್ನಿನ ಗದ್ದಲದಲ್ಲಿ ಕೇಳಲಿಲ್ಲ. ಸಿದ್ದಿ ಅವನ ಕೈ ತಿರುಗಿಸಲು ಹೋದವಳು, ಯಾಕೋ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.